ಶಿಕ್ಷಕರ ಶಿಕ್ಷಕ ಡೆಪ್ಯುಟಿ ಚನ್ನಬಸಪ್ಪನವರು

ಧರ್ಮಕೇಂದ್ರವೊಂದು ನೂರು ವರ್ಷ ಪೂರೈಸಿದಾಗ ಹೊರಡುವ ಸ್ಮರಣ ಸಂಚಿಕೆಯಲ್ಲಿ ದೇವಾಲಯ ಕಟ್ಟಿದವರ, ಸೇವೆಗೈದ ಗುರುಗಳ, ಕನ್ಯಾಸ್ತ್ರೀಯರ ಚರಿತ್ರೆಗೆ ಮೊದಲ ಪುಟಗಳು ಮೀಸಲಾಗಿರುತ್ತವೆ. ಅದು ಯೋಗ್ಯವೇ. ಆದರೆ ಗುಡಿಯ ಬಗಲಿಗೆ ಶಾಲೆಯನ್ನು ಕಟ್ಟುವುದು ನಮ್ಮ ಹಿರಿಯರ ವಾಡಿಕೆಯಾಗಿದ್ದಿತು. ಆ ಶಾಲೆಗಳಲ್ಲಿ ನಮಗೆ ಅಕ್ಷರ ತಿದ್ದಿಸಿದ ಮಾಸ್ತರರನ್ನೂ ಬಾಯಿಯವರನ್ನೂ ನಾವು ನೆನೆಯುತ್ತೇವೆ. ಅವರಿಗೆ ಕಲಿಸುವ ಬಗೆಯನ್ನು ಕಲಿಸಿದವರು ಯಾರು ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಬೆಳಗಾವಿ ಸೀಮೆಯಲ್ಲಿ ನಮಗೆ ಎದುರಾಗುವ ಮೊದಲ ದೊಡ್ಡ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ಅವರು ನಮ್ಮ ಧರ್ಮದವರಲ್ಲ, ನಮ್ಮ ತಾಲ್ಲೂಕುಗಳಲ್ಲಿ ಹುಟ್ಟಿದವರೂ ಅಲ್ಲ. ಆದರೂ ಚಿಕ್ಕೋಡಿ, ಅಥಣಿಗಳ ಕನ್ನಡ ಶಾಲೆಗಳ ಮೂಲ ಅವರ ದುಡಿಮೆಯಲ್ಲಿದೆ. ಆದುದರಿಂದ ಅವರ ಬಾಳನ್ನು ಈ ಪುಟಗಳಲ್ಲಿ ಸಂಗ್ರಹವಾಗಿ ಹೇಳಲು ಬಯಸಿದ್ದೇವೆ.

ಮೊದಲು ಅಂದಿನ ಸ್ಥಿತಿಯನ್ನು ಅರಿಯಬೇಕು. 1818ರಲ್ಲಿ ಪೇಶವೆಯ ರಾಜ್ಯ ಅಳಿದು ಇಂಗ್ಲಿಷರ ಆಳಿಕೆ ಬಂದಾಗ ಕೃಷ್ಣೆಯ ಈಚೆಗಿನ ಈ ನಾಡಿನಲ್ಲಿ ಕಚೇರಿಯ ಭಾಷೆ ಮರಾಠಿಯಾಗಿದ್ದಿತು. ದಫ್ತರಗಳು ಮೋಡಿ ಲಿಪಿಯಲ್ಲಿದ್ದವು. ಕಾರಕೂನರು ಅದರಲ್ಲೇ ಪಳಗಿದವರು. ಇಂಗ್ಲಿಷರು ಈ ಭಾಗವನ್ನು ದಕ್ಷಿಣ ಮರಾಠಾ ದೇಶವೆಂದೇ ಕರೆದರು. 1836ರಲ್ಲಿ ಧಾರವಾಡದಿಂದ ಬೇರ್ಪಡಿಸಿ ಬೆಳಗಾವಿ ಜಿಲ್ಲೆಯನ್ನು ರಚಿಸಿದಾಗಲೂ ಈ ರೂಢಿ ಬದಲಾಗಲಿಲ್ಲ. ನಿಪ್ಪಾಣಿಯಲ್ಲಿ ನಿಂಬಾಳಕರ ದೇಸಾಯಿಯ ಸಂಸ್ಥಾನವಿದ್ದಿತು. ರಾಯಬಾಗ ಕೊಲ್ಲಾಪುರದ ಛತ್ರಪತಿಗಳಿಗೆ ಸೇರಿದ್ದಿತು. ಕಾಗವಾಡ, ಶೇಡಬಾಳಗಳು ಪಟವರ್ಧನ ಮನೆತನದ ಜಹಗೀರುಗಳು. ಹೀಗೆ ಒಂದು ದಿನದ ದಾರಿಯಲ್ಲಿ ಮೂರು ನಾಲ್ಕು ದರಬಾರುಗಳನ್ನು ದಾಟಬೇಕಾದ ಈ ಸೀಮೆಯಲ್ಲಿ, ಒಕ್ಕಲಿಗನು ಹೊಲದಲ್ಲಿ ಆಡುತ್ತಿದ್ದ ಮಾತಿಗೂ ಅವನ ಹೊಲದ ಕಾಗದದ ಮೇಲಿನ ಬರಹಕ್ಕೂ ಸಂಬಂಧವಿರಲಿಲ್ಲ.

ಸರಕಾರ ಶಾಲೆಗಳನ್ನು ತೆರೆಯತೊಡಗಿದಾಗ ಅವೂ ಬಹುಮಟ್ಟಿಗೆ ಮರಾಠಿಯಲ್ಲಿಯೇ ತೆರೆದವು. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಪುಸ್ತಕಗಳು ಮರಾಠಿಯಲ್ಲಿ ಅಚ್ಚಾಗಿದ್ದವು, ಕಲಿತ ಶಿಕ್ಷಕರು ಆ ಭಾಷೆಯಲ್ಲಿ ದೊರೆಯುತ್ತಿದ್ದರು, ನೌಕರಿಯೂ ಆ ಭಾಷೆಗೇ ಇದ್ದಿತು. ಧಾರವಾಡದಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ 1830ರ ದಶಕದಲ್ಲಿ ಕೈಯಿಂದ ಹಣ ಹಾಕಿ ಕನ್ನಡ ಶಾಲೆಯನ್ನು ನಡೆಸಿದ್ದುಂಟು. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರೂ ಕನ್ನಡದಲ್ಲಿ ಕಲಿಸಿದರು. ಇವು ಅಲ್ಲೊಂದು ಇಲ್ಲೊಂದು ದೀಪಗಳು. ಉಳಿದಂತೆ ಹಳ್ಳಿಗಳಲ್ಲಿ ಗಾವಠಿ ಶಾಲೆಗಳಿದ್ದವು. ಗುಡಿಯ ಪೌಳಿಯಲ್ಲೋ ಯಾರದಾದರೂ ಪಡಸಾಲೆಯಲ್ಲೋ ಅಯ್ಯನವರು ಧೂಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿಯನ್ನು ಒಬ್ಬ ಹುಡುಗ ಹೇಳಿಕೊಟ್ಟರೆ ಉಳಿದವರು ಕೂಗಿ ಹೇಳುವರು. ಅಯ್ಯನವರು ಹೇಗೆ ಕಲಿತಿದ್ದರೋ ಹಾಗೆಯೇ ಕಲಿಸುತ್ತಿದ್ದರು; ಕಲಿಸುವುದೂ ಒಂದು ವಿದ್ಯೆ, ಅದನ್ನೂ ಕಲಿಯಬೇಕಾಗುತ್ತದೆ ಎಂಬ ಭಾವನೆಗೆ ಅಲ್ಲಿ ಎಡೆಯಿರಲಿಲ್ಲ.

ಇಂಥ ಕಾಲದಲ್ಲಿ, 1830ರ ದಶಕದ ಮೊದಲ ವರ್ಷಗಳಲ್ಲಿ, ಧಾರವಾಡದ ಲಿಂಗಾಯತ ಮನೆತನವೊಂದರಲ್ಲಿ ಚನ್ನಬಸಪ್ಪನವರು ಹುಟ್ಟಿದರು. ತಂದೆಯ ಹೆಸರು ಬಸಲಿಂಗಪ್ಪ. ಬಾಲಕ ಊರಿನಲ್ಲಿ ದೊರೆತಷ್ಟು ವಿದ್ಯೆಯನ್ನು ಕಲಿತ. ಕನ್ನಡವಲ್ಲದೆ ಮರಾಠಿ, ಇಂಗ್ಲಿಷುಗಳೂ ಅವನಿಗೆ ವಶವಾದವು. ಹೆಚ್ಚಿನ ಓದಿಗೆ ಪುಣೆಗೆ ಹೋಗಬೇಕಾಗಿದ್ದಿತು. ರೈಲು ಇನ್ನೂ ಈ ಕಡೆಗೆ ಬಂದಿರಲಿಲ್ಲ. ತರುಣ ಚನ್ನಬಸಪ್ಪ ಪುಣೆಗೆ ನಡೆದೇ ಹೋದನೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕ ದಾರಿ ಅದು. ಬೆಳಗಾವಿಯನ್ನು ಹಿಂದಿಕ್ಕಿ ಸಂಕೇಶ್ವರ, ನಿಪ್ಪಾಣಿಗಳ ಮೇಲಿಂದ ಕಾಗಲ್, ಕೊಲ್ಲಾಪುರಗಳತ್ತ ಸಾಗುವ ಹಳೆಯ ಹೆದ್ದಾರಿ. ಮುಂದೆ ಈ ಸೀಮೆಯ ಶಾಲೆಗಳಿಗಾಗಿ ದುಡಿಯಬೇಕಾಗಿದ್ದವನು, ಗಂಟು ಹೊತ್ತ ವಿದ್ಯಾರ್ಥಿಯಾಗಿ ನಮ್ಮ ನಿಪ್ಪಾಣಿಯನ್ನು ದಾಟಿ ಹೋಗಿರಬೇಕೆಂಬುದು ನಮಗೆ ಪ್ರಿಯವಾದ ಊಹೆ.

ಪುಣೆಯಲ್ಲಿ ಅವರು ಓದಿದ್ದು ಎಂಜಿನಿಯರಿಂಗ್ ವಿದ್ಯೆ. ಅಂದಿನ ದಿನಗಳಲ್ಲಿ ರಸ್ತೆ, ಸೇತುವೆ, ಕಾಲುವೆಗಳ ಕೆಲಸ ಎಲ್ಲೆಡೆ ನಡೆದಿದ್ದಿತು. ಆ ವಿದ್ಯೆ ಬಲ್ಲವನಿಗೆ ಮಾನವೂ ಸಂಬಳವೂ ಕಾದಿದ್ದವು. ಚನ್ನಬಸಪ್ಪನವರು ಆ ಹಾದಿಯಲ್ಲಿ ನಿಲ್ಲದೆ ವಿದ್ಯಾ ಇಲಾಖೆಗೆ ಬಂದರು. ಆ ಇಲಾಖೆಯಾದರೋ ಆಗ ಹೊಸದು. 1854ರಲ್ಲಿ ಇಂಗ್ಲೆಂಡಿನಿಂದ ಬಂದ ವುಡ್ ಸಾಹೇಬರ ವಿದ್ಯಾ ಲೇಖ ಈ ದೇಶದ ಶಿಕ್ಷಣಕ್ಕೆ ತಳಪಾಯ ಹಾಕಿದ್ದಿತು. ಸಾಮಾನ್ಯ ಜನಕ್ಕೆ ಅವರವರ ದೇಶಭಾಷೆಯಲ್ಲಿ ವಿದ್ಯೆ ಕೊಡಬೇಕು, ಖಾಸಗಿ ಶಾಲೆಗಳಿಗೆ ಸರಕಾರದ ನೆರವು ಸಲ್ಲಬೇಕು, ಶಾಲೆಗಳ ತಪಾಸಣೆ ನಡೆಯಬೇಕು ಎಂಬುದರ ಜೊತೆಗೆ, ಶಿಕ್ಷಕರನ್ನು ತಯಾರಿಸಲು ನಾರ್ಮಲ್ ಶಾಲೆಗಳನ್ನು ತೆರೆದು ಅಲ್ಲಿ ಕಲಿಯುವವರಿಗೆ ವೇತನ ಕೊಡಬೇಕೆಂಬುದೂ ಅದರಲ್ಲಿ ಸೇರಿದ್ದಿತು. ಮರುವರ್ಷ ಮುಂಬಯಿ ಇಲಾಖೆಯಲ್ಲಿ ಸಾರ್ವಜನಿಕ ಶಿಕ್ಷಣ ಖಾತೆ ನೆಲೆಗೊಂಡಿತು. ಅದರ ಬೆನ್ನಿಗೇ ಕನ್ನಡ ಸೀಮೆಗಾಗಿ ನಾರ್ಮಲ್ ಶಾಲೆ ಬಂದಿತು. ಧಾರವಾಡದ ಹೆಸರಾಂತ ಟ್ರೇನಿಂಗ್ ಕಾಲೇಜು ಬೆಳೆದದ್ದು ಈ ಬೀಜದಿಂದ.

ನಾರ್ಮಲ್ ಎಂದರೆ ಮಾದರಿ ಎಂದರ್ಥ; ಹೆಸರು ಫ್ರೆಂಚರಿಂದ ಬಂದುದು. ನಮ್ಮ ಓದುಗರಿಗೆ ಇಲ್ಲಿ ಒಂದು ಮಾತನ್ನು ನೆನಪಿಸಬೇಕು. ಹಳ್ಳಿಗಳಿಗೆ ಕಳುಹಿಸುವ ಶಿಕ್ಷಕರನ್ನು ಮೊದಲು ಒಂದೆಡೆ ಕೂಡಿಸಿ ತರಬೇತಿ ಕೊಡಬೇಕೆಂದು ಯೂರೋಪಿನಲ್ಲಿ ಮೊದಲಿಗೆ ಕಾರ್ಯತಃ ತೋರಿಸಿದವರಲ್ಲಿ ಫ್ರಾನ್ಸಿನ ರೀಮ್ಸ್ ನಗರದ ಗುರು ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಪ್ರಮುಖರು. ಅವರು 1680ರ ದಶಕದಲ್ಲಿಯೇ ಇಂಥ ಶಾಲೆ ತೆರೆದರು. ಮಕ್ಕಳಿಗೆ ಓದಲು ಕಲಿಸುವಾಗ ಲ್ಯಾಟಿನ್ ಪುಸ್ತಕ ಹಿಡಿಸುವ ಪದ್ಧತಿಯನ್ನು ಬಿಟ್ಟು ಅವರ ಮನೆಮಾತಾದ ಫ್ರೆಂಚಿನಿಂದಲೇ ಆರಂಭಿಸಿದರು. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸರು ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಸಾರಿದರು. ಎರಡು ಶತಮಾನಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಅರಿಯದ ಎರಡು ದೇಶಗಳಲ್ಲಿ, ಇದೇ ಎರಡು ಕೆಲಸಗಳು ಜೋಡಿಯಾಗಿಯೇ ಬಂದುದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. ಮನೆಮಾತಿನಲ್ಲಿ ಕಲಿಸಬೇಕೆಂದು ಹೊರಟವನು ಆ ಮಾತಿನಲ್ಲಿ ಕಲಿಸಬಲ್ಲ ಶಿಕ್ಷಕನನ್ನೂ ತಯಾರಿಸಲೇಬೇಕಾಗುತ್ತದೆ.

ಚನ್ನಬಸಪ್ಪನವರು ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾದರು. ಅವರ ಜೀವಮಾನದ ಸಾಧನೆಯ ತಿರುಳು ಇಲ್ಲಿದೆಯೆಂದು ನಾವು ಬಗೆಯುತ್ತೇವೆ. ಅವರ ವಿಷಯವಾಗಿ ಭಾಷಣ ಮಾಡುವವರು ಮರಾಠಿ ಶಾಲೆಗಳನ್ನು ಕನ್ನಡ ಶಾಲೆಗಳನ್ನಾಗಿ ಮಾಡಿದ ಮಹಾನುಭಾವರೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ಮಾತು ನಿಜವೇ, ಆದರೆ ಶಾಲೆಯ ಭಾಷೆ ಹುಕುಮಿನಿಂದ ಬದಲಾಗುವಂಥದಲ್ಲ. ದಕ್ಷಿಣ ವಿಭಾಗದ ವಿದ್ಯಾಧಿಕಾರಿಯಾಗಿ ಬಂದ ರಸೆಲ್ ಸಾಹೇಬರು ಕನ್ನಡದ ಪಕ್ಷವಹಿಸಿದರು. ಅವರ ಸಹಾನುಭೂತಿಯಿಲ್ಲದೆ ಚನ್ನಬಸಪ್ಪನವರ ಕೈ ನಡೆಯುತ್ತಿರಲಿಲ್ಲ ಎಂಬುದೂ ದಿಟ. ಆದರೆ ಸಾಹೇಬರ ರುಜುವಾದ ಮರುದಿನ ಹಳ್ಳಿಯ ಶಾಲೆಯಲ್ಲಿ ಏನಾಗುತ್ತದೆ? ಭೂಗೋಳವನ್ನು ಕನ್ನಡದಲ್ಲಿ ಹೇಳಬಲ್ಲವರು ಯಾರು? ಅಪೂರ್ಣಾಂಕಕ್ಕೆ, ತ್ರೈರಾಶಿಗೆ, ವ್ಯಾಕರಣದ ಸಂಜ್ಞೆಗಳಿಗೆ ಹುಡುಗನಿಗೆ ತಿಳಿಯುವ ಕನ್ನಡ ಮಾತು ಯಾವುದು? ಮರಾಠಿಯಲ್ಲೇ ಓದಿ ಬಂದ ಮಾಸ್ತರನಿಗೆ ಇವೆಲ್ಲ ಬಾರದಿದ್ದರೆ ಅದು ಅವನ ತಪ್ಪೂ ಅಲ್ಲ. ಅವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಆದ್ದರಿಂದ ಕೆಲಸ ಆರಂಭವಾಗಬೇಕಾಗಿದ್ದುದು ಮಾಸ್ತರನಿಂದ. ಹಳ್ಳಿಗಳಿಂದ ತರುಣರನ್ನು ಆರಿಸಿ ತಂದು, ವಿದ್ಯಾರ್ಥಿವೇತನವಿತ್ತು, ವಿಷಯಗಳನ್ನು ಕನ್ನಡದಲ್ಲಿ ಕಲಿಸಿ, ಕಲಿಸುವುದನ್ನೂ ಅಭ್ಯಾಸ ಮಾಡಿಸಿ ಮರಳಿ ಹಳ್ಳಿಗೆ ಕಳುಹಿಸುವುದು ನಾರ್ಮಲ್ ಶಾಲೆಗಳ ಕ್ರಮವಾಗಿದ್ದಿತು. ಇಂಥ ಶಾಲೆಗೆ ಹೊಂದಿಕೊಂಡು ಮಕ್ಕಳ ಶಾಲೆಯೊಂದು ಇರುವುದುಂಟು. ಭಾವಿ ಶಿಕ್ಷಕನು ಅಲ್ಲಿ ನಿಂತು ಪಾಠ ಹೇಳಬೇಕು. ಗುರುಗಳು ಹಿಂದೆ ಕುಳಿತು ನೋಡಬೇಕು. ಪಾಠ ಮುಗಿದ ಮೇಲೆ ಎಲ್ಲಿ ತಡವರಿಸಿದೆ, ಯಾವ ಪ್ರಶ್ನೆಯನ್ನು ಎರಡು ಬಾರಿ ಕೇಳಿದೆ, ಯಾವ ಹುಡುಗನ ಕಡೆಗೆ ನೋಡಲೇ ಇಲ್ಲ ಎಂದು ತಿದ್ದಬೇಕು. ಇಂದು ಇದಕ್ಕೆ ಮಾರ್ಗದರ್ಶನವೆಂದೂ ವೃತ್ತಿವಿಕಾಸವೆಂದೂ ದೊಡ್ಡ ಹೆಸರುಗಳಿವೆ. ಹೆಸರು ಏನೇ ಇರಲಿ, ಒಬ್ಬ ಪಳಗಿದ ಶಿಕ್ಷಕ ಇನ್ನೊಬ್ಬ ಹೊಸ ಶಿಕ್ಷಕನ ಪಾಠವನ್ನು ತಾಳ್ಮೆಯಿಂದ ಕುಳಿತು ಕೇಳುವುದಕ್ಕಿಂತ ಬೇರೆ ಉಪಾಯವನ್ನು ಯಾವ ದೇಶವೂ ಈವರೆಗೆ ಕಂಡುಹಿಡಿದಂತಿಲ್ಲ.

ತರಬೇತಿ ಮುಗಿಸಿ ಹೋದ ಮಾಸ್ತರನ ಗತಿಯೇನು ಎಂಬುದು ಮುಂದಿನ ಪ್ರಶ್ನೆ. ಅಥಣಿಯ ಕಡೆಯ ಒಂದು ಹಳ್ಳಿಗೆ ಹೋದವನನ್ನು ಊಹಿಸಿಕೊಳ್ಳಿರಿ. ಮಳೆಗಾಲದಲ್ಲಿ ಕೃಷ್ಣೆ ತುಂಬಿದರೆ ದಾರಿ ಬಂದ್. ಮಾತಾಡಿಸಲು ಇನ್ನೊಬ್ಬ ಶಿಕ್ಷಕನಿಲ್ಲ. ಕಲಿತದ್ದು ಎರಡು ವರ್ಷದಲ್ಲಿ ಮಾಸಿಹೋಗಿ ಮೂರನೆಯ ವರ್ಷ ಅವನೂ ಮಗ್ಗಿ ಕೂಗಿಸುವ ಹಳೆಯ ಅಯ್ಯನವರಂತೆಯೇ ಆಗಿಬಿಡುವುದು ಸಹಜ. ಈ ಸಂಕಟಕ್ಕೆ ಚನ್ನಬಸಪ್ಪನವರು ಕಂಡುಕೊಂಡ ಮದ್ದು 'ಮಠಪತ್ರಿಕೆ'. 1865ರಲ್ಲಿ ಹೊರಟ ಈ ಪತ್ರಿಕೆ ಶಿಕ್ಷಕರಿಗಾಗಿಯೇ ಇದ್ದುದು. ನಮ್ಮ ಕಡೆ ಅಕ್ಷರ ಕಲಿಸುವ ಜಾಗಕ್ಕೆ ಮಠವೆಂದೇ ಹೆಸರು. ಆ ಮನೆಮಾತಿನ ಹೆಸರನ್ನೇ ಅವರು ಪತ್ರಿಕೆಗೆ ಇಟ್ಟರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದು ಇಪ್ಪತ್ತೆರಡು ವರ್ಷಗಳಷ್ಟೇ ಆಗಿದ್ದವು. ಕನ್ನಡದಲ್ಲಿ ಓದುಗರೇ ವಿರಳರಾಗಿದ್ದಾಗ ಒಂದು ವೃತ್ತಿಯವರಿಗಾಗಿಯೇ ಪತ್ರಿಕೆ ಹೊರಡಿಸಲು ಎಂಥ ಧೈರ್ಯ ಬೇಕಾಗಿದ್ದಿರಬೇಕು! ಒಂಟಿಯಾಗಿ ಕುಳಿತ ಮಾಸ್ತರನಿಗೆ ಅಂಚೆಯ ಮೂಲಕ ಬರುವ ಆ ಹಾಳೆಗಳು ತನ್ನ ಗುರುವಿನ ಧ್ವನಿಯೇ ಆಗಿರಬೇಕು. ಧಾರವಾಡದಿಂದ ಹೊರಡುವ 'ಜೀವನ ಶಿಕ್ಷಣ' ಮಾಸಪತ್ರಿಕೆ ತನ್ನ ಮೂಲವನ್ನು ಈ ಮಠಪತ್ರಿಕೆಯಲ್ಲಿಯೇ ಕಾಣುತ್ತದೆ.

ಮುಂದೆ ಅವರು ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರರಾದರು. ಜನ ಉದ್ದದ ಹುದ್ದೆಯ ಹೆಸರನ್ನು ಕತ್ತರಿಸಿ ಡೆಪ್ಯುಟಿ ಎಂದರು. ಆ ಬಿರುದು ಹೆಸರಿಗೇ ಅಂಟಿಕೊಂಡಿತು. ಆ ದಿನಗಳ ಡೆಪ್ಯುಟಿಗಳ ಕೆಲಸವೆಂದರೆ ತಿರುಗಾಟ. ಮಳೆ ನಿಂತ ಮೇಲೆ ಕುದುರೆಯ ಮೇಲೋ ಚಕ್ಕಡಿಯಲ್ಲೋ ಹೊರಟು ಊರೂರ ಶಾಲೆ ನೋಡಬೇಕು, ಹುಡುಗರ ಪರೀಕ್ಷೆ ತೆಗೆದುಕೊಳ್ಳಬೇಕು, ಹಾಜರಿ ಪಟ್ಟಿ ನೋಡಬೇಕು, ಮೇಲಿನವರಿಗೆ ವರದಿ ಬರೆಯಬೇಕು. 1860ರ ದಶಕದಲ್ಲಿ ಮುಂಬಯಿ ಸರಕಾರ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆಯ ಲೋಕಲ್ ಫಂಡ್ ಪಟ್ಟಿ ಹಾಕಿ ಅದರ ಮೂರನೆಯ ಒಂದು ಪಾಲನ್ನು ಶಾಲೆಗಳಿಗೆ ಕೊಡತೊಡಗಿದ ಮೇಲೆ ಶಾಲೆಗಳ ಸಂಖ್ಯೆ ಏರಿತು. ಒಕ್ಕಲಿಗನ ಗಂಟಿನಿಂದ ಬಂದ ದುಡ್ಡಿನಲ್ಲಿ ನಡೆಯುವ ಶಾಲೆ ಒಕ್ಕಲಿಗನ ಮಾತಿನಲ್ಲಿ ಇರಬೇಕೆಂಬ ವಾದಕ್ಕೆ ಇದರಿಂದ ಬಲ ಬಂದಿತೆಂದು ಹೇಳಬೇಕು.

ಇನ್ಸ್‌ಪೆಕ್ಟರನೆಂದರೆ ಮಾಸ್ತರನಿಗೆ ಭಯ. ಆ ಭಯ ಇಂದಿಗೂ ಪೂರ್ತಿ ಹೋಗಿಲ್ಲ. ಚನ್ನಬಸಪ್ಪನವರ ವೈಶಿಷ್ಟ್ಯವೆಂದರೆ ತಪಾಸಣೆಗೆ ಬಂದ ಅಧಿಕಾರಿಯೇ ಕನ್ನಡದಲ್ಲಿ ಕಲಿಸುವ ಕ್ರಮವನ್ನು ಬಲ್ಲ ಗುರುವೂ ಆಗಿದ್ದುದು. ನಾರ್ಮಲ್ ಶಾಲೆಯಿಂದ ಹೊರಟ ಮಾಸ್ತರರ ಪಾಲಿಗೆ ಬಾಗಿಲಲ್ಲಿ ಕುದುರೆಯಿಳಿಯುವವರು ಅಪರಿಚಿತ ಸಾಹೇಬರಲ್ಲ, ತಮಗೆ ಪಾಠ ಹೇಳಿದವರೇ. ತಪ್ಪು ಹುಡುಕುವ ಕಣ್ಣಿಗೂ ತಿದ್ದುವ ಕಣ್ಣಿಗೂ ಇರುವ ಅಂತರವನ್ನು ಶಿಕ್ಷಕರಾದ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತರಬೇತಿ, ಪತ್ರಿಕೆ, ತಪಾಸಣೆ ಈ ಮೂರೂ ಒಂದೇ ಕೈಯ ಮೂಲಕ ಹಾದು ಬಂದುದರಿಂದಲೇ ಕನ್ನಡ ಶಾಲೆ ಕಾಗದದ ಮೇಲೆ ಉಳಿಯದೆ ಹಳ್ಳಿಯಲ್ಲಿ ನಿಂತಿತು.

ಒಂಟಿಯಾಗಿ ಇದೆಲ್ಲವನ್ನೂ ಅವರು ಮಾಡಿದರೆಂದರೆ ಉಳಿದವರಿಗೆ ಅನ್ಯಾಯವಾದೀತು. ಬೈಲಹೊಂಗಲದ ಕಡೆಯ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ವೆಂಕಟರಂಗೋ ಕಟ್ಟಿಯವರು ಇದೇ ಇಲಾಖೆಯಲ್ಲಿ ಇದ್ದುಕೊಂಡು ಕನ್ನಡದಲ್ಲಿ ಪುಸ್ತಕಗಳನ್ನು ಸಿದ್ಧಪಡಿಸಿದರು. ತುರಮರಿಯವರು ಬಾಣನ ಕಾದಂಬರಿಯನ್ನು ಕನ್ನಡಿಸಿದರು. ಚನ್ನಬಸಪ್ಪನವರೂ 1871ರಲ್ಲಿ ಶೇಕ್ಸ್‌ಪಿಯರನ 'ಕಾಮೆಡಿ ಆಫ್ ಎರರ್ಸ್' ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂಬ ಹೆಸರಿನಿಂದ ಕನ್ನಡದ ಕಥೆಯಾಗಿಸಿದರು. ಶೇಕ್ಸ್‌ಪಿಯರ್ ಕನ್ನಡಕ್ಕೆ ಬಂದ ಆದಿಯ ಪ್ರಯತ್ನಗಳಲ್ಲಿ ಇದೊಂದು. ಶಾಲೆಯ ಪುಸ್ತಕ ಮುಗಿಸಿದ ಹುಡುಗನಿಗೆ ಮುಂದೆ ಓದಲು ಏನಾದರೂ ಬೇಕಲ್ಲವೇ? ಓದು ಬಂದವನಿಗೆ ಓದುವ ರುಚಿ ಹತ್ತಿಸದಿದ್ದರೆ ಕಲಿತದ್ದು ಮರೆತುಹೋಗುತ್ತದೆಂಬುದನ್ನು ಅವರು ಅರಿತಿದ್ದರು. ಹೆಸರಿನಲ್ಲೇ ನಗುವನ್ನು ಇಟ್ಟುದು ಆ ಗಂಭೀರ ಅಧಿಕಾರಿಯ ಇನ್ನೊಂದು ಮುಖವನ್ನು ತೋರಿಸುತ್ತದೆ.

ಅವರ ಕೆಲಸಕ್ಕೆ ಮಿತಿಗಳಿದ್ದವೆಂಬುದನ್ನು ಮುಚ್ಚಿಡಬಾರದು. ಅವರ ಅಧಿಕಾರ ಇಂಗ್ಲಿಷ್ ಆಳಿಕೆಯ ತಾಲ್ಲೂಕುಗಳಲ್ಲಿ ಮಾತ್ರ. ಚಿಕ್ಕೋಡಿ, ಅಥಣಿಗಳಿಗೆ ಬಂದ ಬದಲಾವಣೆ ಪಕ್ಕದ ರಾಯಬಾಗಕ್ಕೆ ಬರಲಿಲ್ಲ. ಅದು ಕೊಲ್ಲಾಪುರ ಸಂಸ್ಥಾನದಲ್ಲಿಯೇ ಉಳಿದು, 1949ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಬೆಳಗಾವಿ ಜಿಲ್ಲೆಗೆ ಸೇರಿತು. ಒಂದು ಹಳ್ಳದ ಈ ದಂಡೆಯ ಹುಡುಗ ಕನ್ನಡ ಓದಿದರೆ ಆ ದಂಡೆಯ ಅವನ ಸೋದರಮಾವನ ಮಗ ಮರಾಠಿ ಓದುವ ಸ್ಥಿತಿ ಮೂರು ತಲೆಮಾರು ನಡೆಯಿತು. ಹೆಣ್ಣುಮಕ್ಕಳು ಆಗಿನ ಶಾಲೆಗಳಲ್ಲಿ ಬೆರಳೆಣಿಕೆಯಷ್ಟೇ. ಅಸ್ಪೃಶ್ಯರೆಂದು ದೂರವಿಟ್ಟ ಜನರ ಮಕ್ಕಳಿಗೆ ಆ ಕಾಲದ ಸರಕಾರಿ ಶಾಲೆಯ ಬಾಗಿಲು ನಿಯಮದಲ್ಲಿ ತೆರೆದಿದ್ದರೂ ರೂಢಿಯಲ್ಲಿ ಮುಚ್ಚಿತ್ತು. ಒಬ್ಬ ಡೆಪ್ಯುಟಿಯಿಂದ ಇದೆಲ್ಲ ನೀಗುವಂಥದಾಗಿರಲಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆಯನ್ನೂ ನಿವಾರಿಸಬೇಕು. ಚನ್ನಬಸಪ್ಪನವರ ಹೋರಾಟ ಮರಾಠಿ ಭಾಷೆಯ ಮೇಲಿನ ಹಗೆಯಿಂದ ಹುಟ್ಟಿದುದಲ್ಲ. ಅವರು ಆ ಭಾಷೆಯನ್ನು ಚೆನ್ನಾಗಿ ಬಲ್ಲವರು, ಪುಣೆಯ ಅನ್ನ ಉಂಡವರು. ಮರಾಠಿ ಮನೆಮಾತಾದ ಮಗುವಿಗೆ ಮರಾಠಿ ಶಾಲೆ ಇರುವುದು ನ್ಯಾಯವೇ; ಕನ್ನಡ ಮನೆಮಾತಾದ ಮಗುವಿಗೂ ಅದೇ ನ್ಯಾಯ ದೊರೆಯಬೇಕೆಂಬುದಷ್ಟೇ ಇಲ್ಲಿಯ ಮಾತು. ನಿಪ್ಪಾಣಿ, ಕಾಗವಾಡಗಳ ಓಣಿಗಳಲ್ಲಿ ಎರಡೂ ಭಾಷೆಗಳನ್ನು ಒಂದೇ ಉಸಿರಿನಲ್ಲಿ ಆಡುವ ನಮಗೆ ಇದು ಚೆನ್ನಾಗಿ ತಿಳಿಯುತ್ತದೆ. ಒಂದೇ ಪೂಜೆಗೆ ಕೂಡುವ ಕುಟುಂಬಗಳಲ್ಲಿ ಕನ್ನಡ, ಮರಾಠಿ, ಕೊಂಕಣಿಗಳನ್ನಾಡುವವರು ಇದ್ದಾರೆ.

1881ರಲ್ಲಿ ಚನ್ನಬಸಪ್ಪನವರು ತೀರಿಕೊಂಡರು. ಐವತ್ತನ್ನೂ ಮುಟ್ಟದ ಆಯುಷ್ಯ. ಆದರೆ ಅವರು ಬಿತ್ತಿದ್ದು ಶಿಕ್ಷಕರನ್ನು. ಶಿಕ್ಷಕರು ಇನ್ನಷ್ಟು ಶಿಕ್ಷಕರನ್ನು ಬೆಳೆಸಿದರು. ಧಾರವಾಡದ ತರಬೇತಿ ಪಡೆದ ಮಾಸ್ತರರು ಶಾಲೆಯ ಗೋಡೆಯೊಳಗೆ ಉಳಿಯಲಿಲ್ಲ. ಅವರಲ್ಲೊಬ್ಬರಾದ ಸಕ್ಕರಿ ಬಾಳಾಚಾರ್ಯರು ಶಾಂತಕವಿಗಳೆಂದು ಹೆಸರಾಗಿ ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಅದರ ಮಾತನ್ನು ಓದಿ ತಿಳಿಯಬಲ್ಲ ಕನ್ನಡಿಗರ ಒಂದು ತಲೆಮಾರು ಸಿದ್ಧವಾಗಿದ್ದಿತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಟ್ರೇನಿಂಗ್ ಮುಗಿಸಿ, ರುಮಾಲು ಸುತ್ತಿ ಹಳ್ಳಿಗೆ ಬರುವ ಕನ್ನಡ ಸಾಲಿ ಮಾಸ್ತರನೆಂಬ ವ್ಯಕ್ತಿ ನಮ್ಮ ಅಜ್ಜಂದಿರ ಕಾಲಕ್ಕೆ ಊರ ಗೌಡ, ಕುಲಕರ್ಣಿಗಳ ಸಾಲಿನಲ್ಲಿ ಕೂಡುವ ಮನುಷ್ಯನಾಗಿದ್ದನು. ಪತ್ರ ಓದಿಸಲು, ಅರ್ಜಿ ಬರೆಸಲು, ಜಗಳ ಬಗೆಹರಿಸಲು ಜನ ಅವನಲ್ಲಿಗೆ ಬರುತ್ತಿದ್ದರು.

ಚಿಕ್ಕೋಡಿ ಇಂದು ಒಂದು ಶೈಕ್ಷಣಿಕ ಜಿಲ್ಲೆಯ ಕೇಂದ್ರ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ವಲಯಗಳು ಅದರೊಳಗೆ ಬರುತ್ತವೆ. ಹಿಂದೆ ಬೇರೆ ಬೇರೆ ದರಬಾರುಗಳಿಗೆ ಸಲ್ಲುತ್ತಿದ್ದ ಊರುಗಳ ಶಿಕ್ಷಕರು ಈಗ ಒಂದೇ ತರಬೇತಿಗೆ ಒಟ್ಟಾಗಿ ಕೂಡುತ್ತಾರೆ. ಶಾಲೆಯಿಂದ ಶಾಲೆಗೆ ತಿರುಗಿ ಪಾಠ ನೋಡಿ ಸಲಹೆ ಕೊಡಲು ಸಮೂಹ ಸಂಪನ್ಮೂಲ ವ್ಯಕ್ತಿಗಳೂ ಇದ್ದಾರೆ. ಅವರ ಬಗಲಿನ ಚೀಲದಲ್ಲಿ ತುಂಬಬೇಕಾದ ನಮೂನೆಗಳ ಹೊರೆ ಕಡಿಮೆಯಾಗಿ, ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳುವ ವೇಳೆ ಹೆಚ್ಚಾಗಲೆಂದು ನಾವು ಹಾರೈಸುತ್ತೇವೆ.

ಕೊನೆಗೆ ನಮ್ಮ ನೆರೆಯ ಒಂದು ಊರಿನ ಮಾತು. ಕಾಗವಾಡದ ಬಗಲಿನ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ಶಾಲಾ ಶಿಕ್ಷಕರಾಗಿ ದುಡಿದವರು. ಈ ಗಡಿಸೀಮೆಯ ಜೈನ ಒಕ್ಕಲುತನದ ಮನೆಗಳ ಬಾಳನ್ನು, ಅಲ್ಲಿಯ ಆಡುಮಾತನ್ನು 'ನಿಸರ್ಗ' ಕಾದಂಬರಿಯಲ್ಲಿ ಇಟ್ಟು ಕನ್ನಡ ನಾಡಿಗೆಲ್ಲ ಓದಿಸಿದರು. ನೂರು ವರ್ಷದ ಹಿಂದೆ ಶಾಲೆಯೊಳಗೆ ಕಾಲಿಡಲು ಅಂಜುತ್ತಿದ್ದ ಈ ಕಡೆಯ ಕನ್ನಡ, ಒಬ್ಬ ಸಾಲಿ ಮಾಸ್ತರರ ಕೈಯಲ್ಲಿ ಕಾದಂಬರಿಯಾಗಿ ಬಂದಿತು.